ಆಪ್ತಸಮಾಲೋಚಕರ ಬಳಿ ಹೋಗುವ ಮುನ್ನ

"ಮೇಡಂ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ."

ತಿಪಟೂರಿನ ನನ್ನ ಕೊಠಡಿಗೆ ಮಕ್ಕಳನ್ನು ಕರೆತರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಆಡುವ ಮಾತಿದು. ಗಂಡನನ್ನು ಕರೆತಂದ ಹೆಂಡತಿ "ಇವರ ಕುಡಿತ ಬಿಡಿಸಿಕೊಡಿ" ಎನ್ನುತ್ತಾರೆ. ಸೊಸೆಯನ್ನು ಕರೆತಂದ ಅತ್ತೆ "ಹೊಂದಿಕೊಂಡು ಹೋಗುವುದನ್ನು ಕಲಿಸಿ" ಎನ್ನುತ್ತಾರೆ. ಎಲ್ಲರ ಸಂಕಟವೂ ನಿಜವಾದದ್ದೇ. ಆದರೆ ಅವರು ಕೇಳಿದ್ದನ್ನು ಅವರು ಕೇಳಿದ ರೀತಿಯಲ್ಲಿ ಯಾವ ಆಪ್ತಸಮಾಲೋಚಕರೂ ಮಾಡಿಕೊಡಲಾರರು. ನಮ್ಮಿಂದ ಆಗುವುದೇನು, ಆಗದಿರುವುದೇನು ಎಂಬುದು ಮೊದಲೇ ತಿಳಿದಿದ್ದರೆ ಬರುವವರ ಸಮಯವೂ ಹಣವೂ ಉಳಿಯುತ್ತವೆ. ಬರಲು ಹಿಂಜರಿಯುವವರಿಗೆ ಒಂದಿಷ್ಟು ಧೈರ್ಯವೂ ಬರುತ್ತದೆ.

ಬುದ್ಧಿ ಹೇಳುವವರಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ. ದೊಡ್ಡಪ್ಪ ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಹೇಳುತ್ತಾರೆ. ನನ್ನಲ್ಲಿಗೆ ಬರುವವರು ಅದನ್ನೆಲ್ಲ ಕೇಳಿ ಮುಗಿಸಿಯೇ ಬಂದಿರುತ್ತಾರೆ. ಆಪ್ತಸಮಾಲೋಚನೆಯ ಉದ್ದೇಶ ಬೇರೆ. ಬಂದವರು ತಮ್ಮ ಕಷ್ಟವನ್ನು ಹೆದರಿಕೆಯಿಲ್ಲದೆ ಬಿಡಿಸಿ ನೋಡಬೇಕು, ತಮ್ಮ ಕೈಯಲ್ಲಿ ಏನಿದೆ ಏನಿಲ್ಲ ಎಂದು ಗುರುತಿಸಬೇಕು, ತಾವು ನಿಭಾಯಿಸಬಲ್ಲ ತೀರ್ಮಾನಕ್ಕೆ ತಾವೇ ಬರಬೇಕು. ಅದಕ್ಕೆ ತರಬೇತಿ ಪಡೆದ ಒಬ್ಬರು ಜೊತೆಯಲ್ಲಿ ಕೂರುತ್ತಾರೆ. ಈ ವೃತ್ತಿಯ ಬೇರುಗಳಲ್ಲೊಂದು ಅಮೆರಿಕದ ಬಾಸ್ಟನ್‌ನಲ್ಲಿದೆ. ಅಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಕೆಲಸ ಹುಡುಕುವ ಯುವಕರಿಗಾಗಿ ಒಂದು ಕೇಂದ್ರ ತೆರೆದರು. ನಿನ್ನನ್ನು ನೀನು ಅರಿ, ಕೆಲಸಗಳನ್ನು ಅರಿ, ಎರಡನ್ನೂ ಹೊಂದಿಸಿ ಯೋಚಿಸು ಎಂಬುದು ಅವರ ಕ್ರಮ. 1940ರ ದಶಕದಲ್ಲಿ ಮನೋವಿಜ್ಞಾನಿ ಕಾರ್ಲ್ ರೋಜರ್ಸ್, ಎದುರಿಗೆ ಕೂತವರನ್ನು ತೀರ್ಪು ಕೊಡದೆ ಒಪ್ಪಿಕೊಂಡು ಆಲಿಸುವುದೇ ಬದಲಾವಣೆಗೆ ದಾರಿ ಎಂದು ತೋರಿಸಿಕೊಟ್ಟರು. ನಾನು ಇಂದಿಗೂ ಇವೆರಡನ್ನೂ ನಂಬಿ ಕೆಲಸ ಮಾಡುತ್ತೇನೆ.

ಇದು ಕೊಠಡಿಯೊಳಗೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪಿಯುಸಿ ವಿಜ್ಞಾನ ಓದುವ ಹುಡುಗಿ, ಜೊತೆಗೆ ತಂದೆ. ಅವಳ ಹೆಸರು ಕೇಳಿದರೂ ತಂದೆಯೇ ಉತ್ತರಿಸಿದರು. "ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದವಳು, ಈಗ ಪುಸ್ತಕ ಮುಟ್ಟುವುದಿಲ್ಲ, ಎಲ್ಲ ಮೊಬೈಲಿನಿಂದ" ಎಂದರು. ಹದಿನೆಂಟು ತುಂಬದವರಾದ್ದರಿಂದ ಪೋಷಕರ ಒಪ್ಪಿಗೆ ಬೇಕು. ಅದನ್ನು ಬರೆಸಿಕೊಂಡು ತಂದೆಯನ್ನು ಹೊರಗೆ ಕೂರಲು ಕೇಳಿಕೊಂಡೆ. ನಂತರ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿಗೆ ಬರಲು ನಿನಗೆ ಮನಸ್ಸಿತ್ತಾ?" ಇಲ್ಲ ಎಂದು ತಲೆಯಾಡಿಸಿದಳು. "ಸರಿ, ಮನಸ್ಸಿಲ್ಲದೆ ಬಂದವರೂ ಇಲ್ಲಿ ಕೂರಬಹುದು" ಎಂದೆ. ಬಹಳ ಹೊತ್ತು ಅವಳು ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಇದ್ದಳು. ನಾನು ಆ ಮೌನವನ್ನು ಮುರಿಯಲಿಲ್ಲ. ಕೊನೆಗೆ ಹೊರಬಂದ ಮಾತು ಮೊಬೈಲಿನದಾಗಿರಲಿಲ್ಲ. ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಭೌತಶಾಸ್ತ್ರವೂ ಇಂಗ್ಲಿಷಿನಲ್ಲಿ. ಮೊದಲ ತಿಂಗಳೇ ಪಾಠ ಕೈತಪ್ಪಿತ್ತು. ಕೇಳಿದರೆ ನಗುತ್ತಾರೆಂಬ ಹೆದರಿಕೆ. ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುವುದು, ಅದನ್ನು ತಪ್ಪಿಸಿಕೊಳ್ಳಲು ಮೊಬೈಲು.

ಇದನ್ನು ನಾನೇ ತಂದೆಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಂದೆಗೆ ಯಾವ ಮಾತು, ಯಾವ ಕ್ರಮದಲ್ಲಿ ಹೇಳಬೇಕೆಂದು ಅವಳು ಕಾಗದದ ಮೇಲೆ ಬರೆದುಕೊಂಡಳು, ಮುಂದಿನ ಭೇಟಿಯಲ್ಲಿ ನನ್ನೆದುರು ತಾನೇ ಹೇಳಿದಳು. ಓದು ಬಿಡಬೇಕೇ, ಬೇರೆ ವಿಷಯ ತೆಗೆದುಕೊಳ್ಳಬೇಕೇ, ಉಪನ್ಯಾಸಕರ ನೆರವು ಕೇಳಬೇಕೇ ಎಂಬುದನ್ನು ಇಬ್ಬರೂ ಕೂತು ಮಾತಾಡಿದರು. ನನ್ನ ಪಾಲಿನ ಕೆಲಸ ಇಷ್ಟೇ. ಆದರೆ ಇಷ್ಟಾಗಲು ತರಬೇತಿ ಬೇಕು, ಮುಚ್ಚಿದ ಬಾಗಿಲು ಬೇಕು, ಅವಸರವಿಲ್ಲದ ಮುಕ್ಕಾಲು ಗಂಟೆ ಬೇಕು.

ಇನ್ನು ವ್ಯಾಪ್ತಿಯ ಮಾತು. ಪರೀಕ್ಷೆಯ ಭಯ, ಓದು ಮತ್ತು ಕೆಲಸದ ಆಯ್ಕೆ, ದಂಪತಿಗಳ ಮನಸ್ತಾಪ, ಸಾವಿನ ದುಃಖ, ಕೆಲಸದ ಒತ್ತಡ, ದೀರ್ಘ ಕಾಯಿಲೆಯೊಂದಿಗೆ ಬದುಕುವುದು, ಮನೆಯಲ್ಲೊಬ್ಬರ ಕುಡಿತದಿಂದ ಉಳಿದವರು ಅನುಭವಿಸುವ ಯಾತನೆ, ಇವೆಲ್ಲಕ್ಕೂ ಆಪ್ತಸಮಾಲೋಚನೆ ಒದಗುತ್ತದೆ. ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ, ಕೌಟುಂಬಿಕ ನ್ಯಾಯಾಲಯಗಳಲ್ಲಿ ಕೂಡ ಆಪ್ತಸಮಾಲೋಚಕರಿರುತ್ತಾರೆ. ಕಾಯಿಲೆ ಇದ್ದರೆ ಮಾತ್ರ ಬರಬೇಕೆಂಬ ನಿಯಮವಿಲ್ಲ.

ಹೊರಗೆ ಉಳಿಯುವುದನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಅಪಾಯ ಇರುವುದು ಅಲ್ಲಿ. ನಾವು ಮಾತ್ರೆ ಬರೆಯುವಂತಿಲ್ಲ. ಯಾರೂ ಮಾತಾಡದಿದ್ದರೂ ಧ್ವನಿ ಕೇಳಿಸುತ್ತಿದ್ದರೆ, ಎಲ್ಲರೂ ಸಂಚು ಮಾಡುತ್ತಿದ್ದಾರೆಂಬ ಬಲವಾದ ನಂಬಿಕೆಯಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಅತಿಯಾದ ಹುರುಪಿನಲ್ಲಿದ್ದರೆ, ಊಟ ನಿದ್ದೆ ಕೆಲಸ ಎಲ್ಲವೂ ನಿಂತುಹೋಗಿದ್ದರೆ ಮೊದಲು ಮನೋವೈದ್ಯರನ್ನು ಕಾಣಬೇಕು. ಸದಾ ಸುಸ್ತು, ಬೇಸರ, ಸುಮ್ಮಸುಮ್ಮನೆ ಅಳು ಎಂದು ಬಂದವರನ್ನು ನಾನು ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಗೂ ಕಳಿಸುತ್ತೇನೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಂಠಿತವಾದರೆ ಅದು ಖಿನ್ನತೆಯ ಹಾಗೆಯೇ ಕಾಣಿಸುತ್ತದೆ. ಅದಕ್ಕೆ ಬೇಕಾದದ್ದು ಮಾತ್ರೆ.

ಕುಡಿತದ ವಿಷಯದಲ್ಲಿ ಮನೆಯವರು ಇದನ್ನು ನೆನಪಿಡಲೇಬೇಕು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ದೇವರ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವುದು ಚಿಕಿತ್ಸೆಯಲ್ಲ. ಮೊದಲ ದಿನಗಳು ವೈದ್ಯರ ನಿಗಾದಲ್ಲಿ ಕಳೆಯಬೇಕು, ಆಮೇಲೆ ನಮ್ಮ ಕೆಲಸ.

ಹೊಡೆತ ಬಡಿತ ಇರುವ ಮನೆಯಿಂದ ಬಂದ ಹೆಣ್ಣುಮಗಳಿಗೆ ಹೊಂದಾಣಿಕೆಯನ್ನು ಬೋಧಿಸುವುದು ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಹೊಡೆಯುವವನ ಪಕ್ಕದಲ್ಲೇ ಕೂತು ಅವಳು ನಿಜ ಹೇಳುವುದಾದರೂ ಹೇಗೆ? ಅಲ್ಲಿ ಮೊದಲು ಆಗಬೇಕಾದದ್ದು ಅವಳ ಸುರಕ್ಷತೆ. ಮಹಿಳಾ ಸಹಾಯವಾಣಿ 181 ಇದೆ, ಜಿಲ್ಲೆಗಳಲ್ಲಿ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರಗಳಿವೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ.

ಯಾರ ಬಳಿ ಹೋಗಬೇಕು? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ತಜ್ಞತೆ ಪಡೆದವರು, ಔಷಧ ಕೊಡಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ನೋಂದಣಿ ಸಂಖ್ಯೆ ಕೇಳಬಹುದು. ಆಪ್ತಸಮಾಲೋಚಕರು ಸಾಮಾನ್ಯವಾಗಿ ಮನೋವಿಜ್ಞಾನ, ಆಪ್ತಸಮಾಲೋಚನೆ ಅಥವಾ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಆರೋಗ್ಯಕ್ಕೆ ಸಂಬಂಧಿಸಿದ ಪೂರಕ ವೃತ್ತಿಗಳಿಗಾಗಿ 2021ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾಯ್ದೆ ಆಪ್ತಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆದರೂ ಎರಡು ದಿನದ ಶಿಬಿರದ ಪ್ರಮಾಣಪತ್ರ ಹಿಡಿದು ಫಲಕ ಹಾಕಿಕೊಂಡವರು ಇದ್ದಾರೆ. ಅವರಿಂದ ನೊಂದು ಬಂದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಫೋನಿನಲ್ಲೇ ವಿಚಾರಿಸಿ. ಏನು ಓದಿದ್ದೀರಿ, ಯಾರ ಮಾರ್ಗದರ್ಶನದಲ್ಲಿ ತರಬೇತಿ ಪಡೆದಿದ್ದೀರಿ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಒಂದು ಭೇಟಿ ಎಷ್ಟು ಹೊತ್ತು, ಶುಲ್ಕ ಎಷ್ಟು, ನಿಮ್ಮ ಕೈಮೀರಿದರೆ ಯಾರ ಬಳಿ ಕಳಿಸುತ್ತೀರಿ. ಈ ಪ್ರಶ್ನೆಗಳಿಗೆ ಸಿಡುಕುವವರ ಬಳಿ ಹೋಗಬೇಡಿ. ನನಗಂತೂ ಕೊನೆಯ ಪ್ರಶ್ನೆ ಕೇಳುವವರನ್ನು ಕಂಡರೆ ಸಂತೋಷ. ಸಮಯ ನಿಗದಿ ಮಾಡುವಾಗ ನಿಮಗೆ ಅನುಕೂಲವಾದ ದಿನವನ್ನೇ ಕೇಳಿ. ಇಲ್ಲಿ ಕೊಬ್ಬರಿ ಹರಾಜಿನ ದಿನ ನನ್ನಲ್ಲಿಗೆ ಬರುವವರು ಹೆಚ್ಚು. ಪೇಟೆಗೆ ಹೊರಡಲು ಮನೆಯಲ್ಲಿ ಹೇಳಲು ಒಂದು ಕಾರಣ ಸಿಗುತ್ತದೆ.

ಹಣವಿಲ್ಲವೆಂದು ಸುಮ್ಮನಿರಬೇಡಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ; ನಿಮ್ಮ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಮನೆಯಿಂದ ಹೊರಡಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಗೆ ಸಿದ್ಧತೆ ಹೆಚ್ಚೇನೂ ಬೇಡ. ತೊಂದರೆ ಯಾವಾಗ ಶುರುವಾಯಿತು, ಯಾವಾಗ ಹೆಚ್ಚು, ಯಾವಾಗ ಕಡಿಮೆ, ನಿದ್ದೆ ಊಟ ಹೇಗಿದೆ ಎಂದು ನಾಲ್ಕು ಸಾಲು ಬರೆದುಕೊಳ್ಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ತನ್ನಿ. ಎಲ್ಲವನ್ನೂ ಮೊದಲ ದಿನವೇ ಹೇಳಬೇಕಿಲ್ಲ. "ಇದರ ಬಗ್ಗೆ ಈಗ ಮಾತಾಡಲಾರೆ" ಎಂದರೆ ಅದನ್ನು ಗೌರವಿಸುವುದು ನಮ್ಮ ಕರ್ತವ್ಯ.

ಮಾತು ಶುರುವಾಗುವ ಮೊದಲೇ ಗೋಪ್ಯತೆಯ ಗೆರೆ ಎಲ್ಲಿದೆಯೆಂದು ಆಪ್ತಸಮಾಲೋಚಕರು ನಿಮಗೆ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆ ಒಂದು ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಒಳ್ಳೆಯ ಆಪ್ತಸಮಾಲೋಚಕರು ಬಂದವರೆಲ್ಲರಿಗೂ ಅದನ್ನು ಪಾಲಿಸುತ್ತಾರೆ. ನಿಮ್ಮ ಪ್ರಾಣಕ್ಕೆ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಆದೇಶಿಸಿದರೆ ಗೋಪ್ಯತೆ ಮುರಿಯಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಉಳಿದಂತೆ ನಿಮ್ಮ ಮಾತು ಹೊರಗೆ ಹೋಗಬಾರದು. ಚಿಕ್ಕ ಊರಿನಲ್ಲಿ ಇದು ಸುಲಭವಲ್ಲ. ಸಂತೆಯಲ್ಲಿ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ನೆಂಟರನ್ನು, ಅಕ್ಕಪಕ್ಕದ ಮನೆಯವರನ್ನು ನೋಡುವುದಿಲ್ಲ. ತುಮಕೂರಿಗೋ ಹಾಸನಕ್ಕೋ ಕಳಿಸುತ್ತೇನೆ.

"ಮೂರೇ ಭೇಟಿಯಲ್ಲಿ ಗ್ಯಾರಂಟಿ" ಎನ್ನುವವರು, ಔಷಧವನ್ನು ವೈದ್ಯರಿಗೆ ಹೇಳದೆ ನಿಲ್ಲಿಸಿ ಎನ್ನುವವರು, ವಿಚ್ಛೇದನ ಕೊಡು ಅಥವಾ ಕೊಡಬೇಡ ಎಂದು ಆಜ್ಞೆ ಮಾಡುವವರು, ಬೇರೊಬ್ಬರ ಕಥೆಯನ್ನು ಹೆಸರು ಹೇಳಿ ನಿಮಗೆ ಕೇಳಿಸುವವರು, ಸಾಲ ಕೇಳುವವರು, ಮೈಮುಟ್ಟಿ ಸಲಿಗೆ ತೋರುವವರು, ಇಂಥವರ ಕೊಠಡಿಯಿಂದ ಎದ್ದು ಬನ್ನಿ. ಕಾರಣ ಹೇಳುವ ಹಂಗು ನಿಮಗಿಲ್ಲ.

ಒಂದು ನಿರ್ದಿಷ್ಟ ತೊಂದರೆಗೆ ವಾರಕ್ಕೊಮ್ಮೆಯಂತೆ ಆರರಿಂದ ಹನ್ನೆರಡು ಭೇಟಿ ಸಾಕಾಗುವುದುಂಟು. ಹಳೆಯ ಗಾಯಗಳಿಗೆ ಹೆಚ್ಚು ಕಾಲ ಬೇಕು. ಮೊದಲ ಒಂದೆರಡು ಭೇಟಿಗಳ ನಂತರ ಮನಸ್ಸು ಇನ್ನಷ್ಟು ಕದಡಿದಂತೆ ಅನಿಸಬಹುದು. ಅದನ್ನು ಹಾಗೆಯೇ ಹೇಳಿ. ಮೂರ್ನಾಲ್ಕು ಭೇಟಿಯಾದರೂ ಎಲ್ಲಿಗೆ ಹೊರಟಿದ್ದೇವೆ ಎಂಬುದು ತಿಳಿಯದಿದ್ದರೆ "ನಮ್ಮ ಗುರಿ ಏನು?" ಎಂದು ನೇರವಾಗಿ ಕೇಳಿ. ಹೊಂದಿಕೆಯಾಗದಿದ್ದರೆ ಬೇರೆಯವರ ಬಳಿ ಹೋಗಿ. ಅದರಿಂದ ನಮಗೆ ಅವಮಾನವಾಗುವುದಿಲ್ಲ.

ಯಾರಾದರೂ "ಬದುಕಿ ಏನು ಪ್ರಯೋಜನ" ಎಂದರೆ ಮುಂದಿನ ವಾರದ ಭೇಟಿಗೆ ಕಾಯಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳಿಸಿಕೊಳ್ಳುವವರು ಸಿಕ್ಕರು ಎಂದು ಎಷ್ಟೋ ಜನ ನೆಮ್ಮದಿಯ ಉಸಿರು ಬಿಡುತ್ತಾರೆ. ಕೀಟನಾಶಕ, ಹೆಚ್ಚಿನ ಮಾತ್ರೆಗಳನ್ನು ಮನೆಯಿಂದ ಆಚೆ ಸಾಗಿಸಿ. ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಈಗಾಗಲೇ ಏನಾದರೂ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸು ಆಗುತ್ತದೆಂದು ಬಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಮನೆಯವರಲ್ಲಿ ಒಂದು ಕೋರಿಕೆ. ಆಪ್ತಸಮಾಲೋಚನೆ ಮುಗಿಸಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ "ಏನು ಕೇಳಿದರು? ನಮ್ಮ ಬಗ್ಗೆ ಏನು ಹೇಳಿದೆ?" ಎಂದು ವಿಚಾರಿಸಬೇಡಿ. ಜಗಳದ ನಡುವೆ "ಇದನ್ನೇನಾ ಅಲ್ಲಿ ಕಲಿತು ಬಂದದ್ದು?" ಎನ್ನಬೇಡಿ. ಆ ಒಂದು ಮಾತಿಗೆ ಮುಂದಿನ ಭೇಟಿಯನ್ನೇ ಬಿಟ್ಟವರನ್ನು ಕಂಡಿದ್ದೇನೆ. ನಿಮಗೇ ಕೇಳುವುದಿದ್ದರೆ, ಹೇಳುವುದಿದ್ದರೆ, ಅವರ ಒಪ್ಪಿಗೆ ಪಡೆದು ಒಂದು ಭೇಟಿಗೆ ನೀವೂ ಜೊತೆಯಲ್ಲಿ ಬನ್ನಿ. ಅದಕ್ಕೆಂದೇ ಬೇರೆ ಸಮಯ ಇಟ್ಟುಕೊಡುತ್ತೇವೆ.