ಎಳ್ಳು ಬೀರಲು ಷಿಕಾಗೋದ ಚಳಿ ಅಡ್ಡಿಯಲ್ಲ

ಪರದೇಶದಲ್ಲಿ ಸಂಸಾರ ಹೂಡಿದ ಹೆಣ್ಣುಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮಕ್ಕಳಿಗೆ ನಮ್ಮ ನಾಡಿನ ನಂಟು ಉಳಿಯಬೇಕಾದರೆ ಏನು ಮಾಡಬೇಕು? ಕನ್ನಡ ಸಂಘದ ಸಮಾರಂಭಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದೇ. ಆದರೆ ಅಲ್ಲಿ ಮಕ್ಕಳು ಕುರ್ಚಿಯ ಮೇಲೆ ಕುಳಿತು ನೋಡುತ್ತಾರೆ, ಅಷ್ಟೆ. ಷಿಕಾಗೋ ಪಕ್ಕದ ಊರಿನಲ್ಲಿ ಮೂವತ್ತು ಸಂಕ್ರಾಂತಿಗಳನ್ನು ಕಂಡಿರುವ ನಾನು ಹೇಳುವುದು, ಎಲ್ಲ ಹಬ್ಬಗಳನ್ನೂ ಅರೆಬರೆಯಾಗಿ ಮಾಡುವ ಬದಲು ಒಂದನ್ನು ಆರಿಸಿಕೊಂಡು, ಅದರ ಕೆಲಸವನ್ನು ಒಂದು ವಾರ ಮೊದಲೇ ಅಡುಗೆಮನೆಯಲ್ಲಿ ಹರವಿ, ಮಕ್ಕಳ ಕೈಗೂ ಪಾಲು ಕೊಡಿ ಎಂದು. ಹಳೇ ಮೈಸೂರು ಕಡೆಯವಳಾದ ನಾನು ಆರಿಸಿಕೊಂಡದ್ದು ಎಳ್ಳು ಬೀರುವ ಹಬ್ಬ.

ಊರಿನಲ್ಲಿ ಕೊಬ್ಬರಿ, ಬೆಲ್ಲ ಹೆಚ್ಚಿ ಮಹಡಿಯ ಬಿಸಿಲಿಗೆ ಇಡುತ್ತಿದ್ದೆವು. ಇಲ್ಲಿ ಜನವರಿಯಲ್ಲಿ ಬಿಸಿಲಿಗೆ ಹುರುಪಿಲ್ಲ, ಹಿತ್ತಿಲ ತುಂಬ ಹಿಮ. ಆದರೆ ಹೀಟರ್ ಹಾಕಿದ ಮನೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ, ನಮ್ಮ ಹಿಮ್ಮಡಿ ಬಿರಿಯುವುದೂ ಅದರಿಂದಲೇ. ಅದನ್ನೇ ಉಪಯೋಗಕ್ಕೆ ತಂದುಕೊಳ್ಳಿ. ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು, ತೆಳುವಾಗಿ ಹೆಚ್ಚಿ, ಅಗಲವಾದ ತಟ್ಟೆಯಲ್ಲಿ ಹರಡಿ, ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ಎರಡು ದಿನ ಇಟ್ಟರೆ ಬಿಸಿಲಿನ ಕೆಲಸ ಮುಗಿದಂತೆಯೇ. ಬೆಲ್ಲವನ್ನು ಕುಟ್ಟಬಾರದು, ಹೆಚ್ಚಬೇಕು. ಕಡಲೆಕಾಯಿ ಬೀಜವನ್ನು ಹುರಿದು, ಸಿಪ್ಪೆ ಕಳೆದು, ಬೇಳೆ ಮಾಡುವ ಕೆಲಸಕ್ಕೆ ಮೊಮ್ಮಕ್ಕಳನ್ನು ಕೂರಿಸಿದರೆ, ಗಿಟುಕು, ಹುರಿಗಡಲೆ, ಮೊರ ಎಂಬ ಮಾತುಗಳನ್ನು ಪಾಠ ಹೇಳದೆಯೇ ಕಲಿಯುತ್ತಾರೆ. ಮೊದಲ ವರ್ಷ ಅವಸರದಲ್ಲಿ ಬಿಸಿ ಕಡಲೆಬೀಜಕ್ಕೇ ಬೆಲ್ಲ ಬೆರೆಸಿಬಿಟ್ಟೆ. ಬೆಳಗಾಗುವುದರೊಳಗೆ ಡಬ್ಬಿಯಲ್ಲಿದ್ದುದೆಲ್ಲ ಬೆವತು ಒಂದೇ ಮುದ್ದೆಯಾಗಿತ್ತು. ಹುರಿದದ್ದು ಪೂರ್ತಿ ಆರಿದ ಮೇಲೆಯೇ ಬೆರೆಸಿ.

ಸಕ್ಕರೆ ಅಚ್ಚಿಗೆ ಮರದ ಅಚ್ಚುಗಳನ್ನು ಊರಿಗೆ ಹೋದಾಗ ತಂದುಕೊಳ್ಳುವುದೇ ಸರಿ. ಹುಯ್ಯುವ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಹಾಕಿ, ತೇವ ಒರೆಸಿ, ಜೋಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಸಕ್ಕರೆ ಪಾಕ ಕುದಿಯುವಾಗ ಸ್ವಲ್ಪ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪಸ್ವಲ್ಪವೇ ಸಣ್ಣ ಪಾತ್ರೆಗೆ ತೆಗೆದುಕೊಂಡು, ಅಂಚು ಬೆಳ್ಳಗಾಗುವವರೆಗೆ ಕೈಯಾಡಿಸಿ, ತಡಮಾಡದೆ ಹುಯ್ಯಬೇಕು. ಬಾಣಲೆಯಲ್ಲೇ ಗಟ್ಟಿಯಾದರೆ ಒಂದಿಷ್ಟು ನೀರು ಹಾಕಿ ಮತ್ತೆ ಕಾಯಿಸಿ, ಏನೂ ನಷ್ಟವಿಲ್ಲ.

ಇನ್ನು ಸಾಮಾನು. ಎಲ್ಲವನ್ನೂ ಡೆವನ್ ಅವೆನ್ಯೂವಿನ ನಮ್ಮವರ ಅಂಗಡಿಗಳಲ್ಲೇ ಹುಡುಕುವುದು ನಾನು ಮಾಡುತ್ತಿದ್ದ ತಪ್ಪು. ಕಬ್ಬಿನ ಜಲ್ಲೆ ನನಗೆ ಸಿಕ್ಕಿದ್ದು 26ನೇ ಬೀದಿಯಲ್ಲಿ, ಲಿಟಲ್ ವಿಲೇಜ್ ಎನ್ನುವ ಮೆಕ್ಸಿಕೋದವರ ಕೇರಿಯಲ್ಲಿ. ಅದೇ ಅಂಗಡಿಯಲ್ಲಿ ‘ಪಿಲೊನ್ಸಿಯೊ’ ಎಂಬ ಕಂದು ಗೋಪುರಗಳನ್ನು ಕಂಡು ಕೈಗೆತ್ತಿಕೊಂಡು ಮೂಸಿದೆ: ಕಬ್ಬಿನ ಹಾಲು ಕಾಸಿ ಅಚ್ಚಿಗೆ ಹುಯ್ದ ಬೆಲ್ಲ! ಸಿಹಿ ಹುಗ್ಗಿಗೆ ಅದು ಚೆನ್ನಾಗಿ ಹೊಂದುತ್ತದೆ. ಎಳ್ಳಿಗೆ ಹೆಚ್ಚಲು ಮಾತ್ರ ತುಂಬ ಗಟ್ಟಿ. ಬಾಳೆಲೆಯೂ ಅಲ್ಲಿಯ ಫ್ರೀಜರಿನಲ್ಲಿ ಸಿಗುತ್ತದೆ.

ಅವರೆಕಾಳಿಲ್ಲದ ಖಾರದ ಹುಗ್ಗಿ ನನ್ನ ಮಟ್ಟಿಗೆ ಸಂಕ್ರಾಂತಿಯ ಹುಗ್ಗಿಯೇ ಅಲ್ಲ. ಮಾಗಡಿ ಕಡೆಯ ಸೊಗಡು ಇಲ್ಲಿ ಬರದು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಗುಜರಾತಿನವರ ಸಾಮಾನುಗಳ ಸಾಲಿನಲ್ಲಿ, ಫ್ರೀಜರಿನೊಳಗೆ, ‘ಸುರ್ತಿ ಪಾಪ್ಡಿ ಲಿಲ್ವಾ’ ಎಂದು ಬರೆದ ಪೊಟ್ಟಣ ಇರುತ್ತದೆ. ಅದು ನಮ್ಮ ಅವರೆಯ ಜಾತಿಯದೇ. ಪಕ್ಕದಲ್ಲಿರುವ ‘ತುವೇರ್ ಲಿಲ್ವಾ’ ಎಂದರೆ ಹಸಿ ತೊಗರಿಕಾಳು, ಹೆಸರನ್ನು ಪೂರ್ತಿ ಓದದೆ ತಂದು ನಾನೊಮ್ಮೆ ಮೋಸಹೋಗಿದ್ದೇನೆ. ಪಾಪ್ಡಿ ಲಿಲ್ವಾವನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಜಾರಿ ಹಿತಕಿದ ಬೇಳೆ ಹೊರಬೀಳುತ್ತದೆ. ಈ ಹಿತಕುವ ಕೆಲಸಕ್ಕೆ ಹುಡುಗರು ಕರೆಯದೆಯೇ ಬರುತ್ತಾರೆ, ಬೇಳೆ ಒಬ್ಬರ ಮೇಲೊಬ್ಬರಿಗೆ ಚಿಮ್ಮಿಸಬಹುದಲ್ಲ.

ಬೀರುವಾಗ ಕನ್ನಡದ ಮನೆಗಳಿಗಷ್ಟೇ ಹೋಗಬೇಡಿ. ಪಂಜಾಬಿನವರು ಹಿಂದಿನ ದಿನ ಲೋಹ್ರಿ ಮಾಡಿ ಎಳ್ಳು ಬೆಲ್ಲದ ತಿಂಡಿ ಹಂಚಿರುತ್ತಾರೆ, ಮರಾಠಿಯವರು ತಿಳಗುಳ ಕೊಟ್ಟು ಸಿಹಿಯಾಗಿ ಮಾತಾಡಿ ಎನ್ನುತ್ತಾರೆ. ನಮ್ಮ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಕೊಡುವ ಪೊಟ್ಟಣದ ಮೇಲೆ ಒಳಗಿರುವುದನ್ನೆಲ್ಲ ತಪ್ಪದೆ ಬರೆಯಿರಿ. ಕಡಲೆಕಾಯಿಯ ಅಲರ್ಜಿ ಪ್ರಾಣಕ್ಕೇ ಬರಬಹುದು; ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನೂ ಪ್ರಮುಖ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿದ್ದಾರೆ. ಶಾಲೆಗೆ ಕಳುಹಿಸುವುದಾದರೆ ಸಕ್ಕರೆ ಅಚ್ಚನ್ನು ಬೇರೆಯೇ ಕಟ್ಟಿಡಿ, ಅದನ್ನೂ ಟೀಚರನ್ನು ಕೇಳಿಯೇ.

ಹಬ್ಬ ಮುಗಿದ ಮೇಲೆ ಅಚ್ಚುಗಳಿಗೆ ಸೋಪು ತಾಗಿಸದೆ ಬಿಸಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಜೋಡಿ ತಪ್ಪದಂತೆ ಹಿಂಬದಿಗೆ ಪೆನ್ಸಿಲ್‌ನಲ್ಲಿ ಕನ್ನಡ ಅಂಕಿ ಬರೆದಿದ್ದೇವೆ. ಆರರ ಮೇಲಿನವೆಲ್ಲ ಮೊಮ್ಮಗಳ ಕೈಬರಹ.