ಔಷಧ ಬೆರೆತ ನೀರು ಜಲಸಸ್ಯಕ್ಕೆ ಏನು ಮಾಡುತ್ತದೆ: ಏಳು ದಿನದ ಡಕ್‌ವೀಡ್ ಪರೀಕ್ಷೆ

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸಿ ಹೊರಬಿಡುತ್ತಿದ್ದ ನೀರಿನಲ್ಲಿ ಲೀಟರಿಗೆ 31 ಮಿ.ಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ (ಚಿಕ್ಕದಾಗಿ ಸಿಪ್ರೊ) ಎಂಬ ಆಂಟಿಬಯೋಟಿಕ್ ಇದ್ದದ್ದು 2007ರಲ್ಲಿ ವರದಿಯಾಯಿತು. ಬ್ಯಾಕ್ಟೀರಿಯಾಕ್ಕೆಂದು ಮಾಡಿದ ಮದ್ದು ಗಿಡಕ್ಕೇಕೆ ತಾಗುತ್ತದೆ? ಎಲೆಗೆ ಹಸಿರು ಬಣ್ಣ ಕೊಡುವ, ಆಹಾರ ತಯಾರಿಸುವ ಕಣವಾದ ಕ್ಲೋರೋಪ್ಲಾಸ್ಟ್ ಮೂಲದಲ್ಲಿ ಸಯನೋಬ್ಯಾಕ್ಟೀರಿಯಾದಿಂದ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾದಿಂದ ಬಂದದ್ದು. ಅದರ ಡಿಎನ್‌ಎ ನಕಲಾಗಲು ಬೇಕಾದ ಗೈರೇಸ್ ಕಿಣ್ವವನ್ನೇ ಸಿಪ್ರೊ ಕಟ್ಟಿಹಾಕುತ್ತದೆ. ಕಾಲೇಜಿನ ಲ್ಯಾಬಿನಲ್ಲೇ ಇದನ್ನು ಕಣ್ಣಾರೆ ನೋಡಬಹುದು.

ಕೆರೆಯ ಮೇಲೆ ಹಸಿರು ಚುಕ್ಕಿಗಳಂತೆ ತೇಲುವ ಡಕ್‌ವೀಡ್ (ಲೆಮ್ನಾ ಮೈನರ್) ತನ್ನಿ. ಅಜೋಲ್ಲಾ ಬೇಡ, ಅದರೊಳಗೇ ಸಯನೋಬ್ಯಾಕ್ಟೀರಿಯಾ ವಾಸವಿರುವುದರಿಂದ ಫಲಿತಾಂಶ ಗೋಜಲಾಗುತ್ತದೆ. ತಂದ ಗಿಡವನ್ನು ತೊಳೆದು, ಪರೀಕ್ಷೆಗೆ ಬಳಸುವ ಪೋಷಕ ದ್ರಾವಣದಲ್ಲೇ ಒಂದು ವಾರ ಬೆಳೆಸಿ.

116 ಮಿ.ಗ್ರಾಂ ಸಿಪ್ರೊಫ್ಲಾಕ್ಸಸಿನ್ ಹೈಡ್ರೋಕ್ಲೋರೈಡ್ ಮಾನೋಹೈಡ್ರೇಟಿನಲ್ಲಿ (ಸಿಪ್ರೊದ ಲವಣರೂಪ) ಸಿಪ್ರೊ ಇರುವುದು 100 ಮಿ.ಗ್ರಾಂ. ಆ 116 ಮಿ.ಗ್ರಾಂ ಪುಡಿಯನ್ನು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ಅದರಲ್ಲಿ 40 ಮಿ.ಲೀ. ತೆಗೆದು ಪೋಷಕ ದ್ರಾವಣ ಸೇರಿಸಿ ಒಂದು ಲೀಟರ್ ಮಾಡಿದರೆ 4 ಮಿ.ಗ್ರಾಂ/ಲೀ. ಮುಂದಕ್ಕೆ ಪ್ರತಿ ಸಲ ಹಿಂದಿನ ದ್ರಾವಣದ ಒಂದು ಪಾಲಿಗೆ ಎರಡು ಪಾಲು ಪೋಷಕ ದ್ರಾವಣ ಬೆರೆಸುತ್ತ ಹೋಗಿ: 1.33, 0.44, 0.15, 0.05. ಮಾತ್ರೆ ಪುಡಿಮಾಡಿ ಹಾಕಬೇಡಿ, ಅದರಲ್ಲಿ ಬೇರೆ ಪದಾರ್ಥಗಳೂ ಇರುತ್ತವೆ.

ಪ್ರತಿ ಪ್ರಮಾಣಕ್ಕೆ ಮೂರು ಬೀಕರ್, ಔಷಧವಿಲ್ಲದ ಕಂಟ್ರೋಲಿಗೆ ಆರು. ಒಂದೊಂದಕ್ಕೂ 100 ಮಿ.ಲೀ. ದ್ರಾವಣ, 12 ಎಲೆ. ಉಷ್ಣಾಂಶ 24 ಡಿಗ್ರಿ, ಎರಡು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಬೆಳಕು 6500ರಿಂದ 10000 ಲಕ್ಸ್, ಹಗಲಿರುಳೂ. ಬೀಕರಿನ ಸುತ್ತ ಕಪ್ಪು ಕಾಗದ ಸುತ್ತದಿದ್ದರೆ ಪಾಚಿ ಹಬ್ಬಿ ಗಿಡದ ಪೋಷಕಾಂಶ ಕಸಿಯುತ್ತದೆ.

ಬಹಳ ಪರೀಕ್ಷೆಗಳು ಕೆಡುವುದು ದ್ರಾವಣ ಬದಲಿಸದೆ ಬಿಡುವುದರಿಂದ. ಸಿಪ್ರೊ ಬೆಳಕಿನಲ್ಲಿ ಒಡೆಯುತ್ತದೆ. ಮೊದಲ ದಿನದ 0.15 ಕೊನೆಯವರೆಗೂ 0.15 ಆಗಿ ಉಳಿಯದು. 3 ಮತ್ತು 5ನೇ ದಿನ ಎಲೆಗಳನ್ನು ಹೊಸ ದ್ರಾವಣಕ್ಕೆ ಸಾಗಿಸಿ, ಆಗಲೇ ಎಣಿಸಿಕೊಳ್ಳಿ. ಬರಿಗಣ್ಣಿಗೆ ಕಾಣುವಷ್ಟು ಚಾಚಿದ ಮರಿ ಎಲೆಯೂ ಒಂದು ಲೆಕ್ಕ. ಬಣ್ಣವನ್ನೂ ಬರೆದಿಡಿ: ಹಳೆಯ ಎಲೆ ಹಸಿರಾಗಿಯೇ ಇದ್ದು, ಹೊಸದಾಗಿ ಹುಟ್ಟಿದ್ದು ಬಿಳಿಚಿಕೊಂಡಿದ್ದರೆ ಪೆಟ್ಟು ಬಿದ್ದದ್ದು ಕ್ಲೋರೋಪ್ಲಾಸ್ಟಿಗೆ.

ಏಳು ದಿನಕ್ಕೆ ಕಂಟ್ರೋಲಿನ 12 ಎಲೆ ಸುಮಾರು 84 ಆಗಬೇಕು. ಆಗದಿದ್ದರೆ ದೋಷ ಬೆಳಕಿನದೋ ಪೋಷಕಾಂಶದ್ದೋ. ಆ ಸರದಿಯನ್ನು ಕೈಬಿಡಿ. ಔಷಧದ ಬೀಕರಿನಲ್ಲಿ 42 ಆಯಿತೆನ್ನಿ. ಅರ್ಧಕ್ಕರ್ಧ ನಷ್ಟ ಎಂದು ಬರೆಯಬೇಡಿ, ಎಲೆಗಳು ಇಮ್ಮಡಿಯಾಗುತ್ತ ಬೆಳೆಯುವುದರಿಂದ ಹೋಲಿಸಬೇಕಾದದ್ದು ಬೆಳವಣಿಗೆ ದರವನ್ನು. ಬೆಳವಣಿಗೆ ದರ ತೆಗೆಯಲು ಕೊನೆಯ ಸಂಖ್ಯೆಯ ನ್ಯಾಚುರಲ್ ಲಾಗ್‌ನಿಂದ ಮೊದಲಿನದರ ಲಾಗ್ ಕಳೆದು 7ರಿಂದ ಭಾಗಿಸಬೇಕು. ಕಂಟ್ರೋಲಿಗೆ 0.278, ಇದಕ್ಕೆ 0.179, ಕುಂಠಿತವಾದದ್ದು ಶೇ. 36.

ಕೆರೆಯ ನೀರನ್ನೇ ಪರೀಕ್ಷಿಸುವುದಾದರೆ ಒಂದು ಎಚ್ಚರ. ಚರಂಡಿ ಸೇರಿದ ನೀರಿನ ಸಾರಜನಕ, ರಂಜಕ ಉಂಡು ಡಕ್‌ವೀಡ್ ಸೊಂಪಾಗಿ ಬೆಳೆದು ಔಷಧದ ಪರಿಣಾಮ ಮುಚ್ಚಿಹೋಗುತ್ತದೆ. ಕೆರೆ ನೀರಿಗೂ ಕಂಟ್ರೋಲಿಗೂ ಒಂದೇ ಪ್ರಮಾಣದ ಪೋಷಕಾಂಶ ಧಾರಾಳವಾಗಿ ಸೇರಿಸಿ ಹೋಲಿಸಿ.

ಉಳಿದ ದ್ರಾವಣ ಸಿಂಕಿಗೆ, ಗಿಡ ಕೆರೆಗೆ ಹೋಗಕೂಡದು. ಕುದಿಸಿದರೂ ಸಿಪ್ರೊ ಸುಲಭಕ್ಕೆ ಹಾಳಾಗದು. ಎರಡನ್ನೂ ಹೆಸರು ಬರೆದ ಕ್ಯಾನಿನಲ್ಲಿ ತುಂಬಿ ಲ್ಯಾಬಿನ ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಿ.