ಪವರ್ಡ್ ಮಿಕ್ಸರ್ ಫ್ಯೂಸ್ ಹಾರಿಸುತ್ತಿದ್ದರೆ ಮೊದಲು ಸೀರೀಸ್ ಬಲ್ಬ್

ಪವರ್ಡ್ ಮಿಕ್ಸರಿಗೆ (ಆಂಪ್ ಒಳಗೇ ಇರುವ ಮಿಕ್ಸರ್) ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹಾರಿತೆ? ಸದ್ಯಕ್ಕೆ ಇನ್ನೊಂದು ಹಾಕಬೇಡಿ, ತಂತಿಯನ್ನಂತೂ ಸುತ್ತಲೇಬೇಡಿ. ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಫ್ಯೂಸ್ ಸರಿಯಿದ್ದು ದನಿ ಮಾತ್ರ ಇಲ್ಲವಾದರೆ ಮುಚ್ಚಳ ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಮೈಕಿನಲ್ಲಿ ಮಾತಾಡಿ. ಲೆವೆಲ್ ಎಲ್‌ಇಡಿ ಏರಿಳಿದರೆ ಮಿಕ್ಸರ್ ಭಾಗ ಬಹುಪಾಲು ಚೆನ್ನಾಗಿದೆ. 'ಪವರ್ ಆಂಪ್ ಇನ್' ಜಾಕ್ ಇದ್ದರೆ ಮೊಬೈಲಿನ ಹಾಡನ್ನು ಸಣ್ಣ ದನಿಯಲ್ಲಿ ಅದಕ್ಕೇ ಕೊಡಿ. ಹಾಡು ಕೇಳಿಸಿತೆಂದರೆ ಆಂಪ್ ಸರಿಯಿದೆ, ಆ ಜಾಕಿನ ಒಳಪಟ್ಟಿಯ ಮೇಲೆ ಅನುಮಾನ ಪಡಿ. ಜಾಕ್ ಖಾಲಿ ಇದ್ದಾಗ ಮಿಕ್ಸರಿನ ಸಿಗ್ನಲ್ ಆಂಪಿಗೆ ಹೋಗುವುದು ಆ ಪಟ್ಟಿಯ ಮೂಲಕವೇ. ಬ್ಯಾಡಗಿ ಕಡೆ ಮೆಣಸಿನಕಾಯಿ ಧೂಳು, ಉಳಿದ ಕಡೆ ಜಾತ್ರೆ ಬಯಲಿನ ಮಣ್ಣು ಅಲ್ಲಿ ಕೂತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ನನ್ನು ಹತ್ತು-ಹದಿನೈದು ಸಲ ಹಾಕಿ ತೆಗೆದರೆ ಎಷ್ಟೋ ಸೆಟ್ ಅಲ್ಲಿಗೇ ಸರಿಹೋಗುತ್ತವೆ.

ಫ್ಯೂಸ್ ಹಾರಿಸುವ ಸೆಟ್ಟಿಗೆ 100 ವ್ಯಾಟಿನ ಹಳೇ ತಂತಿ ಬಲ್ಬನ್ನು ಫೇಸ್ ವೈರಿನ ಸೀರೀಸಿನಲ್ಲಿ ಹಾಕಿ. ಎಲ್‌ಇಡಿ ಬಲ್ಬ್ ನಡೆಯದು. ತಂತಿ ಬಲ್ಬ್ ಕರೆಂಟನ್ನು ತಡೆಯುವುದರಿಂದ ಈಗ ಸರಿಯಾದ ಫ್ಯೂಸ್ ಹಾಕಬಹುದು. ಸ್ಪೀಕರ್ ಬಿಚ್ಚಿ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕೆಪ್ಯಾಸಿಟರ್ ಚಾರ್ಜ್ ಆಗಿದೆ, ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಪ್ಲಗ್ ಕಿತ್ತು, 1 ಕೆ (1000 ಓಮ್) 5 ವ್ಯಾಟ್ ರೆಸಿಸ್ಟರನ್ನು ಕ್ಲಿಪ್ಪಿನಲ್ಲಿ ಹಿಡಿದು ದೊಡ್ಡ ಕೆಪ್ಯಾಸಿಟರ್‌ಗಳನ್ನು ಒಂದೊಂದಾಗಿ ಖಾಲಿ ಮಾಡಿ, ವೋಲ್ಟೇಜ್ ಇಳಿದಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿದ ಮೇಲೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಬೇಡಿ. ಹಗುರ ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಪವರ್ ಸಪ್ಲೈ) ಸೆಟ್ಟಿನ ಒಳಗೆ 320 ವೋಲ್ಟ್ ಡಿಸಿ ನಿಂತಿರುತ್ತದೆ, ಅನುಭವವಿಲ್ಲದವರು ಅದನ್ನು ಮುಟ್ಟುವುದೇ ಬೇಡ.

ಈಗ ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಮೊದಲು ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ), ಆಮೇಲೆ ಹೀಟ್ ಸಿಂಕಿನ (ಶಾಖ ಹೀರುವ ಲೋಹದ ಪಟ್ಟಿ) ಮೇಲಿನ ಔಟ್‌ಪುಟ್ ಟ್ರಾನ್ಸಿಸ್ಟರ್ ನೋಡಿ. 5200 ನಂಬರಿನ ಟ್ರಾನ್ಸಿಸ್ಟರ್ (ಎನ್‌ಪಿಎನ್) ಹಾಕಿದ್ದರೆ ಕೆಂಪು ಪ್ರೋಬ್ ಬೇಸ್ ಕಾಲಿಗೆ, ಕಪ್ಪು ಕಲೆಕ್ಟರಿಗೆ, ಆಮೇಲೆ ಎಮಿಟರಿಗೆ: ಎರಡೂ ಕಡೆ ಸುಮಾರು 0.5-0.6 ವೋಲ್ಟ್ ಬರಬೇಕು. ಅದರ ಜೋಡಿಯಾದ 1943ಕ್ಕೆ (ಪಿಎನ್‌ಪಿ) ಪ್ರೋಬ್ ಅದಲುಬದಲು. ಕಲೆಕ್ಟರ್-ಎಮಿಟರ್ ನಡುವೆ ಬೀಪ್ ಬಂದರೆ ಬಿಚ್ಚಿ ಇನ್ನೊಮ್ಮೆ ನೋಡಿ, ಪ್ಯಾರಲಲ್ಲಿನಲ್ಲಿ ಒಂದು ಸತ್ತರೂ ಎಲ್ಲವೂ ಸತ್ತಂತೆ ಕಾಣುತ್ತವೆ.

ಬಹಳ ಜನ ಎಡವುವುದು ಇಲ್ಲೇ. ಸುಟ್ಟ ಔಟ್‌ಪುಟ್ ಟ್ರಾನ್ಸಿಸ್ಟರನ್ನಷ್ಟೇ ಬದಲಿಸಿ ಮೇನ್ಸಿಗೆ ಹಾಕುತ್ತಾರೆ, ಹೊಸದೂ ಹೋಗುತ್ತದೆ. ಡ್ರೈವರ್ ಟ್ರಾನ್ಸಿಸ್ಟರ್, 0.22 ಓಮ್ ಎಮಿಟರ್ ರೆಸಿಸ್ಟರ್, ಬೇಸ್ ರೆಸಿಸ್ಟರ್ ಇವನ್ನೂ ನೋಡಲೇಬೇಕು. 5200, 1943 ನಕಲಿ ಮಾಲು ಪೇಟೆಯಲ್ಲಿ ಬಹಳ. ಅಗ್ಗದ್ದರೊಳಗಿನ ಸಿಲಿಕಾನ್ ಚೂರು ಸಣ್ಣದು, ಲೋಡ್ ಬಿದ್ದಾಗ ತಾಳದು. ನಂಬಿಕೆಯ ಅಂಗಡಿಯಲ್ಲಿ ಒಂದೇ ಬ್ಯಾಚಿನದು ತಂದು ಆ ಚಾನೆಲಿನ ಎಲ್ಲ ಔಟ್‌ಪುಟ್ ಟ್ರಾನ್ಸಿಸ್ಟರನ್ನೂ ಬದಲಿಸಿ. ಟ್ರಾನ್ಸಿಸ್ಟರಿಗೂ ಹೀಟ್ ಸಿಂಕಿಗೂ ನಡುವಿನ ಮೈಕಾ ಹಾಳೆಯ ಎರಡೂ ಬದಿಗೆ ಹೀಟ್ ಸಿಂಕ್ ಪೇಸ್ಟ್ ತೆಳ್ಳಗೆ ಸವರಿ. ಸ್ಕ್ರೂ ಬಿಗಿದ ಮೇಲೆ ಕಲೆಕ್ಟರಿಗೂ ಹೀಟ್ ಸಿಂಕಿಗೂ ಬೀಪ್ ಬರಬಾರದು.

ಮತ್ತೆ ಸೀರೀಸ್ ಬಲ್ಬಿನಲ್ಲೇ ಆನ್ ಮಾಡಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಹಚ್ಚಬೇಡಿ, ಕಾಯಿಲ್ ಸುಟ್ಟೀತು.

ವಾಲ್ಯೂಮ್ ಇಳಿಸಿದರೂ ಗುಂಯ್ ನಿಲ್ಲದಿದ್ದರೆ ಫಿಲ್ಟರ್ ಕೆಪ್ಯಾಸಿಟರ್ ಉಬ್ಬಿದೆಯೇ, ಕಾಲಿನ ಸೋಲ್ಡರ್ ಬಿಟ್ಟಿದೆಯೇ ನೋಡಿ. ಎಲ್ಲ ಚಾನೆಲ್ಲೂ ಸತ್ತಿದ್ದರೆ ಮಿಕ್ಸರ್ ಭಾಗಕ್ಕೆ ವೋಲ್ಟೇಜ್ ಕೊಡುವ 7815, 7915 ಐಸಿಗಳಲ್ಲಿ +15, -15 ವೋಲ್ಟ್ ಬರುತ್ತಿದೆಯೇ ಅಳೆಯಿರಿ.

ಸೆಟ್ ವಾಪಸ್ ಕೊಡುವಾಗ ಮಾಲೀಕರಿಗೆ ಎರಡು ಮಾತು ಹೇಳಿ ಕಳಿಸಿ. 8 ಓಮಿನ ನಾಲ್ಕು ಬಾಕ್ಸ್ ಪ್ಯಾರಲಲ್ ಹಾಕಿದರೆ 2 ಓಮ್ ಆಗುತ್ತದೆ, ಕನಿಷ್ಠ 4 ಓಮಿನ ಮಷಿನ್ ಅದನ್ನು ತಡೆಯದು. ಜನರೇಟರ್ ಚಾಲೂ ಮಾಡಿ ವೋಲ್ಟೇಜ್ 220-240ಕ್ಕೆ ನಿಂತ ಮೇಲೇ ಮಿಕ್ಸರ್ ಆನ್ ಮಾಡಬೇಕು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಿದ್ದರೆ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಹುದು.